ಸಾರಾ, ಬಿರಿಯಾನೀನಾ? ತುಮಕೂರು ಕಡೆ ಮಟನ್ ಎಲ್ಲಿ ತರೋದು ಅನ್ನೋರಿಗೆ

ಹೋದ ತಿಂಗಳು ಮೂರು ಮನೆಯವರು ನನಗೆ ಒಂದೇ ಪ್ರಶ್ನೆ ಕೇಳಿದರು. ಬೆಂಗಳೂರಿನಿಂದ ತುಮಕೂರಿಗೆ ವರ್ಗವಾಗಿ ಬಂದ ಬ್ಯಾಂಕ್ ಕೆಲಸದ ಗಂಡ ಹೆಂಡತಿ ಒಬ್ಬರು. ಶಿರಾ ಗೇಟ್ ಹತ್ತಿರ ಮನೆ ಕಟ್ಟಿ, ಗೃಹಪ್ರವೇಶ ಮುಗಿದ ವಾರಕ್ಕೆ ನೆಂಟರಿಗೆಲ್ಲ ಬಾಡೂಟ ಹಾಕಬೇಕು ಅಂತ ಹೊರಟಿದ್ದ ನನ್ನ ಚಿಕ್ಕಪ್ಪನ ಮಗ ಇನ್ನೊಬ್ಬ. ಬಾಣಂತಿ ಮಗಳಿಗೆ ಕಾಲು ಸೂಪ್ ಮಾಡಿಕೊಡಬೇಕಿದ್ದ ಎದುರುಮನೆ ಆಂಟಿ ಮತ್ತೊಬ್ಬರು. "ಮಟನ್ ಎಲ್ಲಿ ತರೋದು?" ಮೂವರಿಗೂ ನಾನು ಬೇರೆ ಬೇರೆ ಉತ್ತರ ಕೊಟ್ಟೆ. ಕೇಳಿಸಿಕೊಂಡ ನಮ್ಮ ಯಜಮಾನರು, "ಒಬ್ಬೊಬ್ರಿಗೆ ಒಂದೊಂದು ಕಡೆ ಕಳಿಸ್ತೀಯಲ್ಲ, ಎಲ್ಲಾ ಕಡೆಯಿಂದಾನೂ ಕಮಿಷನ್ ಬರುತ್ತಾ?" ಅಂತ ನಕ್ಕರು.

ಕಮಿಷನ್ ಇಲ್ಲ. ಇಪ್ಪತ್ತು ವರ್ಷದಿಂದ ಭಾನುವಾರ ಬೆಳಗ್ಗೆ ಡಬ್ಬಿ ಹಿಡಿದು ಕ್ಯೂ ನಿಂತ ಅನುಭವ ಮಾತ್ರ ಇದೆ. ಮೊದಮೊದಲು ಗಂಡಸರ ಸಾಲಿನಲ್ಲಿ ನನ್ನನ್ನು ನೋಡಿ "ಮೇಡಂಗೆ ಮೊದಲು ಕೊಟ್ಟು ಕಳಿಸಿ" ಅನ್ನುತ್ತಿದ್ದರು. ಈಗ ಯಾರೂ ಜಾಗ ಬಿಡೋದಿಲ್ಲ. ಅಂಗಡಿ ಭಾಯ್ ಮಾತ್ರ ಕತ್ತಿ ಮಸೆಯುತ್ತಲೇ ತಲೆ ಎತ್ತಿ ಕೇಳುತ್ತಾರೆ: "ಏನಕ್ಕ ಇವತ್ತು, ಸಾರಾ, ಬಿರಿಯಾನೀನಾ?"

ಎಲ್ಲಿ ಕೊಳ್ಳಬೇಕು ಅನ್ನುವ ಲೆಕ್ಕಾಚಾರ ನನ್ನ ಮಟ್ಟಿಗೆ ಶುರುವಾಗೋದು ಆ ಪ್ರಶ್ನೆಯಿಂದಲೇ.

ಮನೆಯಲ್ಲೇ ಕೂತು ಯೋಚಿಸಬೇಕಾದ್ದು

ಏನು ಅಡುಗೆ ಅನ್ನೋದು ಮೊದಲು. ಮುದ್ದೆಗೆ ಸಾರು ಅಂದರೆ ಎದೆ, ಮುಂಗಾಲು, ಒಂದೆರಡು ನಲ್ಲಿ ಮೂಳೆ (ಒಳಗೆ ಮಜ್ಜೆ ಇರುವ ಕೊಳವೆ ಮೂಳೆ), ಕುತ್ತಿಗೆ ಸ್ವಲ್ಪ, ಮೇಲೆ ಚೂರು ಕೊಬ್ಬು ಬೇಕು. ಬರೀ ತೊಡೆ ಹಾಕಿದರೆ ತುಂಡು ಚೆನ್ನಾಗಿರುತ್ತೆ, ಸಾರು ನೀರಾಗಿರುತ್ತೆ. ಬಿರಿಯಾನಿಗೆ ತೊಡೆಯದೂ ಮುಂಗಾಲಿನದೂ ದೊಡ್ಡ ತುಂಡು. ಕೈಮಾ ಉಂಡೆಗೆ ಪೊರೆ ತೆಗೆದ, ಕೊಬ್ಬು ಕಮ್ಮಿ ಇರುವ ತೊಡೆ. ಕಾಲು ಸೂಪಿಗೆ ಚೆನ್ನಾಗಿ ಸುಟ್ಟು ಕೆರೆದ ಕಾಲು. ಇಷ್ಟು ಗೊತ್ತಿಲ್ಲದೆ "ಒಂದ್ ಕೆಜಿ ಮಟನ್ ಕೊಡಿ" ಅಂದರೆ ಆ ಹೊತ್ತಿಗೆ ದಿಮ್ಮಿಯ ಮೇಲೆ ಏನಿದೆಯೋ ಅದು ನಿಮ್ಮ ಚೀಲಕ್ಕೆ ಬೀಳುತ್ತೆ.

ಎಷ್ಟು ಜನ ಅನ್ನೋದು ಎರಡನೇದು. ಮುದ್ದೆ, ಅನ್ನ ಎರಡೂ ಇರುವ ಊಟಕ್ಕೆ ನಾನು ಕೆಜಿಗೆ ಐದು ಜನ ಅಂತ ಹಿಡಿಯುತ್ತೇನೆ. ಊರ ಕಡೆಯ ಅಣ್ಣತಮ್ಮಂದಿರು ಬಂದರೆ ನಾಲ್ಕು.

ಮೂರನೇದು ಹೊತ್ತು. ಕೊಯ್ದಿದ್ದು ಯಾವಾಗ, ಒಲೆಗೆ ಇಡೋದು ಯಾವಾಗ? ಇದನ್ನು ಯಾರೂ ಲೆಕ್ಕಕ್ಕೆ ತಗೊಳ್ಳೋದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. "ಫ್ರೆಶ್" ಅಂದರೆ ಮೆತ್ತಗಿರುತ್ತೆ ಅಂತ ನಾವು ಅಂದುಕೊಂಡಿದ್ದೇವೆ. ಕೊಯ್ದ ತಕ್ಷಣ ಮಾಂಸ ಮೆತ್ತಗೇ ಇರುತ್ತೆ, ನಿಜ. ಕೆಲವು ಗಂಟೆ ಕಳೆಯುತ್ತಿದ್ದ ಹಾಗೆ ಸ್ನಾಯುಗಳು ಸೆಟೆದುಕೊಳ್ಳುತ್ತವೆ. ಆಮೇಲೆ ಒಂದು ದಿನ ತಣ್ಣಗೆ ಇಟ್ಟರೆ ಮತ್ತೆ ಸಡಿಲವಾಗುತ್ತವೆ. ಬೆಳಗ್ಗೆ ಐದಕ್ಕೆ ಕೊಯ್ದದ್ದನ್ನು ಏಳಕ್ಕೆ ತಂದು ಎಂಟಕ್ಕೆ ಕುಕ್ಕರಿಗೆ ಹಾಕಿದವರು ಒಂದು ರುಚಿ ತಿನ್ನುತ್ತಾರೆ. ಅದೇ ಮಾಂಸವನ್ನು ಮಧ್ಯಾಹ್ನದವರೆಗೆ ಅಡುಗೆಕಟ್ಟೆ ಮೇಲೆ ಬಿಟ್ಟವರು, "ಈ ಸಲ ಮುದಿ ಕುರಿ ಕೊಟ್ಟವನೆ" ಅಂತ ಅಂಗಡಿಯವರನ್ನು ಬೈಯುತ್ತಾರೆ. ಇನ್ನೂ ಬಿಸಿ ಆರದ ಮಾಂಸವನ್ನು ಸೀದಾ ಫ್ರೀಜರಿಗೆ ತುರುಕುವುದೂ ತಪ್ಪು. ಸ್ನಾಯು ಸೆಟೆಯುವ ಮುಂಚೆಯೇ ಜೋರು ತಣ್ಣಗಾದರೆ ಕುಗ್ಗಿ ಗಟ್ಟಿಯಾಗಿಬಿಡುತ್ತೆ, ಆಮೇಲೆ ಬೇಯಿಸಿದರೂ ರಬ್ಬರು. ಹಾಗಾಗಿ ಒಂದೋ ತಂದ ತಕ್ಷಣ ಒಲೆಗಿಡಿ, ಇಲ್ಲ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಒಂದು ರಾತ್ರಿ ಇಟ್ಟು ನಾಳೆ ಮಾಡಿ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಶುಚಿ ನೋಡಬೇಕು. ತೂಕ ಕಣ್ಣೆದುರು ಆಗುತ್ತಾ ನೋಡಬೇಕು. ಕುರಿಯೋ ಮೇಕೆಯೋ ಕೇಳಬೇಕು, ಎರಡಕ್ಕೂ ನಾವು ಮಟನ್ ಅಂತಲೇ ಅನ್ನೋದು. ಹಲಾಲ್ ಬೇಕೋ ಜಟ್ಕಾ ಬೇಕೋ ಅನ್ನೋದು ಅವರವರ ಮನೆಯ ವಿಚಾರ, ಕೇಳಿದರೆ ಅಂಗಡಿಯವರು ಮುಚ್ಚಿಡದೆ ಹೇಳುತ್ತಾರೆ. ನನ್ನ ಕಣ್ಣು ಹೋಗೋದು ಬೇರೆ ಕಡೆ: ಪ್ರಾಣಿಯನ್ನು ಬೆದರಿಸಿ, ಓಡಾಡಿಸಿ, ಬಿಸಿಲಲ್ಲಿ ಲಾರಿಯಿಂದ ಇಳಿಸಿದ ಹಾಗೇ ಕೊಯ್ದರಾ ಅಂತ. ದಣಿದ ಪ್ರಾಣಿಯ ಸ್ನಾಯುವಿನಲ್ಲಿದ್ದ ಶಕ್ತಿಯೆಲ್ಲ ಅದಾಗಲೇ ಖರ್ಚಾಗಿರುತ್ತೆ, ಮಾಂಸಕ್ಕೆ ಬರಬೇಕಾದ ಹುಳಿಯಂಶ ಬರೋದಿಲ್ಲ. ಕಪ್ಪಗೆ, ಒಣಗಿದ ಹಾಗೆ, ಗಟ್ಟಿಯಾಗಿರುತ್ತೆ. ಬೇಗ ಕೆಡುತ್ತೆ ಕೂಡ.

ದುಡ್ಡಿನ ಮಾತು ಒಂದೊಂದರ ಜೊತೆಗೂ ಬರುತ್ತೆ.

ಬೀದಿಯ ಮಟನ್ ಅಂಗಡಿ

ನಮ್ಮ ಭಾಯ್ ಅಂಗಡಿ ಹತ್ತಡಿ ಅಗಲ ಇಲ್ಲ. ಹುಣಸೆ ಮರದ ದಿಮ್ಮಿ ಒಂದು, ನಡುವೆ ತವಾದ ಹಾಗೆ ತಗ್ಗಾಗಿದೆ. ಹುಣಸೆಯೇ ಯಾಕೆ ಅಂದರೆ ಆ ಮರ ಗಟ್ಟಿ, ಏಟಿಗೆ ಸಿಬಿರು ಏಳೋದಿಲ್ಲ. ನಮ್ಮ ಜಿಲ್ಲೆಯಲ್ಲಿ ಹುಣಸೆಗೆ ಬರವೂ ಇಲ್ಲ.

ಹೋದ ಭಾನುವಾರ ಮುಂಗಾಲು ಬಿಡಿಸೋದನ್ನು ಹತ್ತಿರ ನಿಂತು ನೋಡಿದೆ. ಮಚ್ಚು ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ. ಒಂದು ಗೇಣುದ್ದದ ಕತ್ತಿ, ಮಸೆದು ಮಸೆದು ಅರ್ಧ ಸವೆದದ್ದು. ಎಡಗೈಯಲ್ಲಿ ಕಾಲನ್ನು ಹಿಡಿದು ಸ್ವಲ್ಪ ಅಲುಗಾಡಿಸಿದರು, ಸಂದು ಎಲ್ಲಿದೆ ಅಂತ ಕೈಗೆ ಗೊತ್ತಾಗಲಿ ಅಂತ. ಕತ್ತಿಯ ತುದಿ ಅಲ್ಲಿ ಒಳಗೆ ಹೋಯಿತು, ಮಣಿಕಟ್ಟು ಒಂದು ಚೂರು ತಿರುಗಿತು, ಟಕ್ ಅಂತ ಕಾಲು ಕಳಚಿ ಬಂತು. ಮೂಳೆಗೆ ಒಂದು ಗೀರೂ ಬಿದ್ದಿರಲಿಲ್ಲ. ಆಮೇಲೆ ತೊಡೆ ತಗೊಂಡು ಕೊಬ್ಬಿನೊಳಗೆ ಬೆರಳು ಹಾಕಿ, ದಪ್ಪ ಅವರೆಕಾಳಿನಷ್ಟಿದ್ದ ಬೂದು ಬಣ್ಣದ ಗಂಟೊಂದನ್ನು ಕಿತ್ತು ಬಿಸಾಡಿದರು. "ಇದು ಉಳಿದ್ರೆ ಸಾರು ವಾಸನೆ ಬರುತ್ತಕ್ಕ." ಕೊನೆಗೆ ಮಚ್ಚು ಎತ್ತಿದ್ದು ನಲ್ಲಿ ಮೂಳೆಗೆ. ಒಂದೇ ಏಟು. ಒಂದೇ ಏಟಿಗೆ ಬಿದ್ದರೆ ಮೂಳೆ ಎರಡು ಹೋಳಾಗುತ್ತೆ, ಮೂರು ನಾಲ್ಕು ಏಟು ಬಿದ್ದರೆ ಚೂರುಚೂರಾಗಿ ಸಾರಿಗೆ ಇಳಿಯುತ್ತೆ. ನಮ್ಮ ಮಾವನವರ ಹಲ್ಲು ಮುರಿದದ್ದು ಅಂಥ ಒಂದು ಚೂರಿಗೆ. ಅದರ ಕಥೆ ಮುಂದೆ ಬರುತ್ತೆ.

ಈ ಕೈಕೆಲಸಕ್ಕೆ ನಿಮ್ಮ ಬಿಲ್ಲಿನಲ್ಲಿ ಬೇರೆ ಸಾಲು ಇರೋದಿಲ್ಲ. ಮೂಳೆ ಸಮೇತ ಒಂದೇ ರೇಟು. ಬೋನ್‌ಲೆಸ್ ಕೇಳಿದರೆ ಜಾಸ್ತಿ ಆಗುತ್ತೆ, ಅದು ನ್ಯಾಯವೇ. ಬಿಡಿಸಿದ ಕುರಿಯ ತೂಕದಲ್ಲಿ ಕಾಲು ಭಾಗದ ಆಸುಪಾಸು ಮೂಳೆಯೇ ಇರುತ್ತೆ. ಅದನ್ನು ಬಿಟ್ಟುಕೊಟ್ಟವರು ಉಳಿದದ್ದರ ಮೇಲೆ ಆ ದುಡ್ಡು ಹಾಕಲೇಬೇಕು.

ಪರಿಚಯದ ಅಂಗಡಿಯ ಲಾಭ ನಿಧಾನಕ್ಕೆ ಗೊತ್ತಾಗುತ್ತೆ. ಮೂರ್ನಾಲ್ಕು ಸಲ ಹೋದ ಮೇಲೆ ನಿಮ್ಮ ಮನೆಯ ತುಂಡಿನ ಗಾತ್ರ ಅವರ ಕೈಗೆ ಕೂತಿರುತ್ತೆ. ಬಾಣಂತಿ ಇದ್ದಾಳೆ ಅಂದರೆ ನಾಲ್ಕು ಕಾಲನ್ನು ಎತ್ತಿಟ್ಟಿರುತ್ತಾರೆ. ಕೈಮಾವನ್ನು ಮಿಷನ್ನಿಗೆ ಹಾಕದೆ ಎರಡು ಮಚ್ಚು ಹಿಡಿದು ಕೊಚ್ಚಿ ಕೊಡುತ್ತಾರೆ. ಮಿಷನ್ ಕೈಮಾ ಅಂಟಾಗುತ್ತೆ, ಕೊಚ್ಚಿದ ಕೈಮಾದ ಉಂಡೆ ಕಚ್ಚಿದರೆ ಒಳಗೆ ಕಾಳುಕಾಳಾಗಿ ಸಿಗುತ್ತೆ. ತಿಂಗಳ ಕೊನೆಯಲ್ಲಿ "ಮುಂದಿನ ವಾರ ಕೊಡಿ ಅಕ್ಕ" ಅನ್ನುವ ಸಾಲವೂ ಉಂಟು. ಯಾವ ಆ್ಯಪಿನಲ್ಲೂ ನಾನು ಅದನ್ನು ನೋಡಿಲ್ಲ.

ಕುಂದು ಇಲ್ಲವೇ? ಇದೆ. ಧೂಳಿನ ರಸ್ತೆಗೆ ಮುಖ ಮಾಡಿ ತೊಡೆ ನೇತು ಹಾಕುವ ಅಂಗಡಿಗಳು ಇವೆ. ಒಳಗೆ ಕಾಲಿಡುವ ಮುಂಚೆ ನಾನು ದಿಮ್ಮಿ ನೋಡುತ್ತೇನೆ: ನಿನ್ನೆಯದನ್ನು ಕೆರೆದು ಉಪ್ಪು ಉಜ್ಜಿದ ದಿಮ್ಮಿ ಒಣಗಿ ತಿಳಿಯಾಗಿರುತ್ತೆ, ಕೆರೆಯದ್ದು ಕಪ್ಪಗೆ ಜಿಡ್ಡಾಗಿರುತ್ತೆ. ಕೋಳಿಯನ್ನೂ ಅದೇ ದಿಮ್ಮಿ ಮೇಲೆ ಹೊಡೆಯುತ್ತಿದ್ದರೆ ವಾಪಸ್ ಬಂದುಬಿಡಿ. ಗಾಜಿನ ಹಿಂದೆಯೋ ಬಲೆಯ ಹಿಂದೆಯೋ ನೇತು ಹಾಕಿದ್ದರೆ ಒಳ್ಳೇದು. ಗೋಡೆಯ ಮೇಲೆ ಪಾಲಿಕೆಯದೋ ಪುರಸಭೆಯದೋ ಲೈಸೆನ್ಸು, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಸಂಖ್ಯೆ, ತಕ್ಕಡಿಯ ಮೇಲೆ ಅಳತೆ ಇಲಾಖೆಯ ಮುದ್ರೆ ಇವೆಯಾ ನೋಡಿ. ನ್ಯೂಸ್‌ಪೇಪರಿನಲ್ಲಿ ಸುತ್ತಿಸಿಕೊಳ್ಳಬೇಡಿ, ಅಚ್ಚಿನ ಮಸಿ ಆಹಾರಕ್ಕೆ ಇಳಿಯುತ್ತೆ ಅಂತ ಎಫ್‌ಎಸ್‌ಎಸ್‌ಎಐ ಕೂಡ ಎಚ್ಚರಿಸಿದೆ. ಸ್ಟೀಲ್ ಡಬ್ಬಿ ತಗೊಂಡು ಹೋಗಿ. ಡಬ್ಬಿ ತಂದವರನ್ನು ಕಂಡರೆ ಅಂಗಡಿಯವರಿಗೂ ಒಂದು ಮರ್ಯಾದೆ ಹುಟ್ಟುತ್ತೆ, ಇದು ನನ್ನ ಅನುಭವ.

ಕುರಿಯೋ ಮೇಕೆಯೋ ಅನ್ನುವ ಅನುಮಾನವಿದ್ದರೆ ಬಾಲ ನೋಡಿ. ಒಳ್ಳೆ ಅಂಗಡಿಯವರು ಬಾಲದ ತುದಿಯಲ್ಲಿ ಕೂದಲು ಉಳಿಸಿಯೇ ನೇತು ಹಾಕಿರುತ್ತಾರೆ, ಗಿರಾಕಿ ಗುರುತು ಹಿಡಿಯಲಿ ಅಂತ. ಕುರಿಯ ಕೊಬ್ಬು ಬೆಳ್ಳಗೆ ಗಟ್ಟಿಯಾಗಿ ಮಾಂಸದ ನಡುನಡುವೆಯೂ ಇರುತ್ತೆ. ಮೇಕೆಗೆ ಕೊಬ್ಬೆಲ್ಲ ಒಳಗೆ, ಕಿಡ್ನಿಯ ಸುತ್ತ. ಎಳೆಯದೋ ಬಲಿತದ್ದೋ ಅನ್ನೋದಕ್ಕೆ ಪಕ್ಕೆ ಮೂಳೆ ನೋಡಿ. ಎಳೆಯದರಲ್ಲಿ ಕೆಂಪಗೆ ತೆಳ್ಳಗೆ, ಬಲಿತದ್ದರಲ್ಲಿ ಬೆಳ್ಳಗೆ ಗಟ್ಟಿ. "ಬನ್ನೂರು ಕುರಿ" ಅನ್ನುವ ಬೋರ್ಡಿಗೆ ಮರುಳಾಗಬೇಡಿ. ಆ ತಳಿಯ ಸೀಮೆ ಮಳವಳ್ಳಿ, ಬನ್ನೂರಿನ ಕಡೆ. ಪಾವಗಡ, ಬಾಗೇಪಲ್ಲಿ ಗಡಿಯಿಂದ ಇಳಿಯುವ ಉದ್ದ ಕಾಲಿನ ನೆಲ್ಲೂರು ಕುರಿಯೂ ಚೆನ್ನಾಗಿಯೇ ಇರುತ್ತೆ, ಇನ್ನೊಂದರ ಹೆಸರು ಹೇಳಿ ಮಾರಬೇಕಾದ ಅಗತ್ಯವೇ ಇಲ್ಲ.

ಹೈವೇ ಬದಿಯ ಭಾನುವಾರದ ಟಾರ್ಪಾಲು

ನಮ್ಮ ಕಡೆ 48ನೇ ಹೆದ್ದಾರಿ, ಕೋಲಾರದ ಕಡೆ 75, ಚಿಕ್ಕಬಳ್ಳಾಪುರದ ಕಡೆ 44. ಮೂರರ ಬದಿಯಲ್ಲೂ ಭಾನುವಾರ ಬೆಳಗಾದರೆ ಮೂರು ಕೋಲು ನಿಲ್ಲಿಸಿ, ಟಾರ್ಪಾಲು ಕಟ್ಟಿ, ಕುರಿ ನೇತು ಹಾಕುತ್ತಾರೆ. ಪೇಟೆಯ ರೇಟಿಗಿಂತ ಐವತ್ತು ನೂರು ಕಮ್ಮಿ. ಕಣ್ಣೆದುರೇ ಕೊಯ್ಯುತ್ತಾರೆ, ವ್ಯಾಪಾರ ಜೋರು, ಮಾಂಸ ನಿಲ್ಲೋದಿಲ್ಲ. ಅದು ಅವರ ಬಲ.

ಆದರೆ ಮುಂದಿನ ವಾರ ಅಲ್ಲಿ ಅದೇ ಮನುಷ್ಯ ಇರುತ್ತಾರೆ ಅಂತ ಇಲ್ಲ. ನಾಲ್ಕು ವರ್ಷದ ಹಿಂದೆ ಮಾವನವರು ಊರಿಂದ ಬಂದಿದ್ದಾಗ ದಾರಿಯಲ್ಲಿ ಇಂಥ ಒಂದು ಕಡೆ ಮೂರು ಕೆಜಿ ತಗೊಂಡೆವು. "ಮರಿ ಮೇಡಂ, ಹಾಲು ಕುಡಿಯೋ ಮರಿ." ಎಂಟು ವಿಷಲ್ ಕೂಗಿಸಿದರೂ ಮರಿ ಬೇಯಲಿಲ್ಲ. ಅವಸರದಲ್ಲಿ ಮಚ್ಚು ಹೇಗೆಂದರೆ ಹಾಗೆ ಬಿದ್ದಿತ್ತು, ಸಾರಿನ ತುಂಬಾ ಮೂಳೆ ಪುಡಿ. ಮಾವನವರ ದವಡೆ ಹಲ್ಲು ಹೋಗಿದ್ದು ಆವತ್ತೇ. ಮುನ್ನೂರು ರೂಪಾಯಿ ಉಳಿಸಿ ಹಲ್ಲಿನ ಡಾಕ್ಟರಿಗೆ ಎರಡೂವರೆ ಸಾವಿರ ಕೊಟ್ಟೆವು. ಮುಂದಿನ ಭಾನುವಾರ ಜಗಳ ಆಡೋಣ ಅಂತ ಹೋದರೆ ಅಲ್ಲಿ ಕಲ್ಲಂಗಡಿ ಇಟ್ಟಿದ್ದರು.

ಇಲ್ಲಿ ಒಳ್ಳೆ ಕೈಗಳೇ ಇಲ್ಲ ಅಂತಲ್ಲ. ಬೇಕಾದ ತುಂಡನ್ನು ತೋರಿಸಿ ಕೇಳಬಲ್ಲಿರಿ, ಎಳೆಯದು ಬಲಿತದ್ದು ಗುರುತಿಸಬಲ್ಲಿರಿ, ಎದುರು ನಿಂತು ಕೊಯ್ಸಿಕೊಳ್ಳಲು ಅರ್ಧ ಗಂಟೆ ಇದೆ ಅಂದರೆ ದುಡ್ಡು ಉಳಿಯುತ್ತೆ. ಹೊಸಬರು ಮೊದಲ ಪಾಠ ಇಲ್ಲಿ ಕಲಿಯೋದು ಬೇಡ.

ಗುಡ್ಡೆ ಬಾಡು

ಇದು ಬೆಂಗಳೂರಿನಿಂದ ಬಂದವರಿಗೆ ಅರ್ಥವಾಗೋದು ತಡ. ನಾಲ್ಕು ಮನೆಯವರೋ ಹತ್ತು ಮನೆಯವರೋ ಸೇರಿ ಕುರಿ ತರುತ್ತಾರೆ. ಕೊಯ್ದು, ತೆಂಗಿನ ಗರಿ ಹಾಸಿ, ಮನೆಗೊಂದು ಗುಡ್ಡೆ ಹಾಕುತ್ತಾರೆ. ಪ್ರತಿ ಗುಡ್ಡೆಯಲ್ಲೂ ತೊಡೆ ಒಂದಿಷ್ಟು, ಎದೆ ಒಂದಿಷ್ಟು, ಲಿವರ್ ಒಂದು ಚೂರು, ಬೋಟಿ ಒಂದು ಹಿಡಿ. ತಲೆ ಕಾಲು ಯಾರಿಗೆ ಅನ್ನೋದು ಮೊದಲೇ ಮಾತಾಗಿರುತ್ತೆ, ಆಗಿಲ್ಲದಿದ್ದರೆ ಜಗಳ ಗ್ಯಾರಂಟಿ. ಯುಗಾದಿ ಮರುದಿನದ ಹೊಸತೊಡಕಿಗೆ ವರ್ಷವಿಡೀ ಚೀಟಿ ಕಟ್ಟಿ ಹೀಗೆ ಮಾಡುವವರು ನಮ್ಮ ಮೂರು ಜಿಲ್ಲೆಯಲ್ಲೂ ಇದ್ದಾರೆ.

ಇದು ಅಗ್ಗ ಅನ್ನುವ ನಂಬಿಕೆ ಇದೆ. ಒಂದು ಸಲ ಲೆಕ್ಕ ಹಾಕಿ ನೋಡೋಣ. 24 ಕೆಜಿಯ ಕುರಿ, ಜೀವಂತ ತೂಕದ ಕೆಜಿಗೆ 420 ಅಂತ ಇಟ್ಟುಕೊಳ್ಳಿ: 10,080 ರೂಪಾಯಿ. ಕೊಯ್ಯುವ ಕೂಲಿ 700. ಒಟ್ಟು 10,780. ಕುರಿಯ ತೂಕದಲ್ಲಿ ಮಾಂಸ ಸಿಗೋದು ಅರ್ಧಕ್ಕಿಂತ ಸ್ವಲ್ಪ ಕಮ್ಮಿ, ಹನ್ನೊಂದೂವರೆ ಕೆಜಿ ಅನ್ನಿ. ತಲೆ ಕಾಲು, ಬೋಟಿ, ಲಿವರಿಗೆ 1,300 ರೂಪಾಯಿ ಬೆಲೆ ಕಟ್ಟಿ ಕಳೆದರೆ ಮಾಂಸಕ್ಕೆ ಬಿದ್ದದ್ದು 9,480. ಕೆಜಿಗೆ 824. ಅಂಗಡಿಯಲ್ಲಿ 800 ಇದ್ದರೆ ನೀವು ಉಳಿಸಿದ್ದು ಏನೂ ಇಲ್ಲ! ರೇಟು ವಾರಕ್ಕೊಂದು ಥರ ಇರುತ್ತೆ, ನಿಮ್ಮೂರಿನ ಅಂಕಿ ಹಾಕಿ ನೋಡಿ, ಉತ್ತರ ಹೆಚ್ಚುಕಮ್ಮಿ ಇದೇ ಬರುತ್ತೆ.

ಹಾಗಾದರೆ ಅಂಗಡಿಯವರು ಹೇಗೆ ಬದುಕುತ್ತಾರೆ ಅಂತ ಭಾಯ್‌ನ ಕೇಳಿದೆ. "ನಾವು ತೂಕಕ್ಕೆ ತರಲ್ಲಕ್ಕ, ಕಣ್ಣಳತೆಗೆ ತರ್ತೀವಿ. ಕಣ್ಣು ತಪ್ಪಿದ ದಿನ ಲಾಸು." ಅಕ್ಕಿರಾಂಪುರದ ಸಂತೆಗೋ ಶಿರಾದ ಸಂತೆಗೋ ಹೋದರೆ ನೋಡಬಹುದು. ಬೆನ್ನಿನ ಮೇಲೆ ಕೈಯಿಟ್ಟು ಒತ್ತಿ, ಬಾಲದ ಬುಡ ಹಿಡಿದು, ಕುರಿಯಲ್ಲಿ ಎಷ್ಟು ಕೆಜಿ ಮಾಂಸ ಇದೆ ಅಂತ ಹೇಳುತ್ತಾರೆ. ಅಂದಾಜು ಅರ್ಧ ಕೆಜಿ ಆಚೀಚೆ ಆದರೆ ಆ ಕುರಿಯ ಲಾಭವೇ ಹೋಯಿತು. ಚರ್ಮದಿಂದ ಮೊದಲು ಒಂದಿಷ್ಟು ಬರುತ್ತಿತ್ತಂತೆ. "ಈಗ ಚರ್ಮ ಒಯ್ಯೋಕೆ ಬರೋರೇ ಇಲ್ಲ."

ಹಾಗಿದ್ದರೂ ಹಬ್ಬಕ್ಕೆ ನಾವು ಗುಡ್ಡೆಯನ್ನೇ ತರುತ್ತೇವೆ. ಕುರಿಯ ಪ್ರತಿ ಭಾಗವೂ ಪಾಲಿಗೆ ಬರುತ್ತೆ, ಯಾವುದನ್ನು ಕೊಯ್ದರು ಅಂತ ಕಣ್ಣಾರೆ ಕಂಡಿರುತ್ತೇವೆ, ಕ್ಯೂ ಇಲ್ಲ. ತೊಂದರೆ ಏನಂದರೆ ನಿಮಗೆ ಬೇಕಾದ ಭಾಗ ಕೇಳುವ ಹಾಗಿಲ್ಲ. ಗುಡ್ಡೆ ಮಾಂಸದಲ್ಲಿ ಬಿರಿಯಾನಿ ಮಾಡಲು ಹೋಗಬೇಡಿ. ಸಾರಿಗೇ ಹುಟ್ಟಿದ್ದು ಅದು.

ಇಡೀ ಕುರಿ ತಂದು ಕೊಯ್ಸೋದು

ನೂರು ಜನರ ಊಟಕ್ಕೆ ಇಪ್ಪತ್ತು ಕೆಜಿ ಬೇಕು, ಅಂದರೆ ಎರಡು ಕುರಿ. ಅಷ್ಟಿದ್ದರೆ ಈ ದಾರಿ ಸರಿ. ಇಪ್ಪತ್ತೈದು ಜನಕ್ಕಿಂತ ಕಮ್ಮಿ ಇದ್ದರೆ ಬೇಡ, ಉಳಿದದ್ದನ್ನು ಇಡಲು ನಿಮ್ಮ ಫ್ರಿಜ್ ಸಾಲೋದಿಲ್ಲ.

ಸಂತೆಯಲ್ಲಿ ಕೆಳತುಟಿ ಬಿಡಿಸಿ ಹಲ್ಲು ನೋಡಿ. ಹಾಲುಹಲ್ಲು ಮಾತ್ರ ಇದ್ದರೆ ವರ್ಷದೊಳಗಿನದು. ನಡುವೆ ಎರಡು ದೊಡ್ಡ ಹಲ್ಲು ಬಂದಿದ್ದರೆ ವರ್ಷ ದಾಟಿದೆ, ನಾಲ್ಕು ಅಂದರೆ ಸುಮಾರು ಎರಡು ವರ್ಷ, ಎಂಟೂ ತುಂಬಿದ್ದರೆ ನಾಲ್ಕರ ಸುತ್ತ. ಊಟಕ್ಕೆ ಎರಡು ಹಲ್ಲಿನದು ಚೆನ್ನ: ಸಾರಿಗೆ ರುಚಿ ಬಿಡುವಷ್ಟು ಬಲಿತಿರುತ್ತೆ, ಬೇಯದಷ್ಟು ಮುದಿಯಾಗಿರೋದಿಲ್ಲ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುವ ದಳ್ಳಾಳಿಗಳ ನಡುವೆ ಹೊಸಬರು ಒಬ್ಬರೇ ಹೋದರೆ ಬೆಲೆ ಅಲ್ಲೇ ಏರುತ್ತೆ. ನಾನಾದರೆ ಪರಿಚಯದ ಅಂಗಡಿಯವರನ್ನೇ ಜೊತೆಗೆ ಕರೆದುಕೊಂಡು ಹೋಗುತ್ತೇನೆ, ಕೂಲಿ ಕೊಟ್ಟು. ಕುರಿ ಆರಿಸುವ ಕಣ್ಣೂ ಕೊಯ್ಯುವ ಕೈಯೂ ಒಟ್ಟಿಗೇ ಸಿಕ್ಕ ಹಾಗಾಯಿತು. ತಂದ ಕುರಿಯನ್ನು ಒಂದು ರಾತ್ರಿ ನೆರಳಲ್ಲಿ ಕಟ್ಟಿ ನೀರು ಕೊಡಿ, ದಣಿವು ಆರಲಿ.

ಆ್ಯಪು, ಸೂಪರ್‌ಮಾರ್ಕೆಟ್ಟಿನ ಪ್ಯಾಕು

ನಮ್ಮ ಕಡೆಯವರು ಇದನ್ನು ಸುಮ್ಮನೆ ಮೂಗು ಮುರಿದು ತಳ್ಳಿಹಾಕುತ್ತಾರೆ. ನಾನು ಹಾಗೆ ಮಾಡೋದಿಲ್ಲ. ಬೆಂಗಳೂರಿನಲ್ಲಿ 2015ರಲ್ಲಿ ಲಿಷಿಯಸ್ ಶುರುವಾದಾಗಿನಿಂದ ಮಾಂಸ ಆ್ಯಪಿನಲ್ಲಿ ಬರೋದು ಅಲ್ಲಿನವರಿಗೆ ಮಾಮೂಲು. ನಿಮ್ಮ ಬಡಾವಣೆಗೆ ಯಾವುದು ಬರುತ್ತೆ ಅಂತ ಪಿನ್‌ಕೋಡ್ ಹಾಕಿ ನೋಡಿಕೊಳ್ಳಿ.

ಇವರ ಬಲ ತಂಪು. ಕೊಯ್ದ ಮೇಲೆ ತಣ್ಣಗೆ ಇಟ್ಟು, ತಣ್ಣಗೇ ತಂದರೆ ಸೆಟೆದ ಸ್ನಾಯು ದಾರಿಯಲ್ಲೇ ಸಡಿಲವಾಗಿರುತ್ತೆ. ಬಹಳ ಸಲ ಪ್ಯಾಕಿನ ಮಟನ್ ಬೇಗ ಬೇಯೋದಕ್ಕೆ ಕಾರಣ ಇದು, ಕುರಿ ಎಳೆಯದು ಅಂತಲ್ಲ. ತಾರೀಖು, ನಿವ್ವಳ ತೂಕ ಅಚ್ಚಾಗಿರುತ್ತೆ. ಗಾಳಿ ತೆಗೆದ ಪ್ಯಾಕಿನಲ್ಲಿ ಮಾಂಸ ಕಂದು ನೇರಳೆ ಬಣ್ಣಕ್ಕೆ ತಿರುಗಿದ್ದರೆ ಹೆದರಬೇಡಿ. ಗಾಳಿ ಸಿಕ್ಕದೆ ಹಾಗಾಗಿರುತ್ತೆ, ಬಿಚ್ಚಿಟ್ಟ ಅರ್ಧ ಗಂಟೆಯಲ್ಲಿ ಕೆಂಪಾಗುತ್ತೆ. ಬಿಚ್ಚಿದ ಕೂಡಲೇ ಬರುವ ಮಬ್ಬು ವಾಸನೆಯೂ ಅಷ್ಟರಲ್ಲಿ ಹೋಗುತ್ತೆ. ಹೋಗದೆ ಹುಳಿ ವಾಸನೆ ಉಳಿದರೆ, ಮುಟ್ಟಿದಾಗ ಲೋಳೆ ಅನ್ನಿಸಿದರೆ ವಾಪಸ್ ಕೊಡಿ. ಕಟ್ಟಿನ ತಳದಲ್ಲಿ ಕೆಂಪು ನೀರು ಜಾಸ್ತಿ ನಿಂತಿದ್ದರೆ ಎಲ್ಲೋ ಒಮ್ಮೆ ಹೆಪ್ಪುಗಟ್ಟಿ ಕರಗಿರಬಹುದು, ಅದನ್ನು ಮತ್ತೆ ಫ್ರೀಜರಿಗೆ ಇಡಬೇಡಿ.

ಕೊರತೆ ಅಂದರೆ "ಕರಿ ಕಟ್" ಅನ್ನುವ ಒಂದೇ ಪದದಲ್ಲಿ ಎಲ್ಲವೂ ಮುಗಿಯುತ್ತೆ. ಸಾರಾ ಬಿರಿಯಾನೀನಾ ಅಂತ ಕೇಳುವವರಿಲ್ಲ. ಎದೆ ಎಷ್ಟು, ಕುತ್ತಿಗೆ ಎಷ್ಟು ಅಂತ ಹೇಳುವ ಜಾಗವೂ ಇಲ್ಲ. ಅರ್ಧ ಕೆಜಿಯ ಪ್ಯಾಕಿನ ಬೆಲೆಯನ್ನು ಎರಡರಿಂದ ಗುಣಿಸಿ ನೋಡಿ, ನಾನು ನೋಡಿದಾಗಲೆಲ್ಲ ಬೀದಿಯ ಅಂಗಡಿಗಿಂತ ಜಾಸ್ತಿಯೇ ಇತ್ತು. ಇಬ್ಬರೇ ಇರುವ ಮನೆಗೆ ಆ ಜಾಸ್ತಿ ಹೊರೆಯಾಗೋದಿಲ್ಲ. ಏಳೆಂಟು ಜನರ ಮನೆಗೆ ಆಗುತ್ತೆ.

ಯಾರಿಗೆ ಏನು ಹೇಳಿದೆ

ಬ್ಯಾಂಕಿನ ದಂಪತಿ ಬೆಳಗ್ಗೆ ಎಂಟೂವರೆಗೆ ಮನೆ ಬಿಟ್ಟರೆ ರಾತ್ರಿ ಏಳಕ್ಕೆ ಬರುತ್ತಾರೆ. ವಾರದ ದಿನಕ್ಕೆ ಪ್ಯಾಕೇ ಸಾಕು ಅಂದೆ. ಭಾನುವಾರ ಮಾತ್ರ ಭಾಯ್ ಅಂಗಡಿಗೆ ಒಂದು ಸಲ ಬನ್ನಿ, ಮುಕ್ಕಾಲು ಕೆಜಿ ತಗೊಳ್ಳಿ, ಏನು ಮಾಡ್ತೀರಿ ಅಂತ ನೀವೇ ಹೇಳಿ ಅಂದೆ. ಮೊದಲ ವಾರ ಆ ಹುಡುಗಿ ಅಂಗಡಿ ಮುಂದೆ ಮೂಗಿಗೆ ದುಪಟ್ಟಾ ಹಿಡಿದು ನಿಂತಿದ್ದಳು. ಮೂರನೇ ವಾರ "ನಲ್ಲಿ ಮೂಳೆ ಎರಡು ಜಾಸ್ತಿ ಹಾಕಿ ಭಾಯ್" ಅನ್ನುತ್ತಿದ್ದಳು.

ಎದುರುಮನೆ ಆಂಟಿಗೆ ಆಯ್ಕೆಯೇ ಇರಲಿಲ್ಲ. ಕಾಲನ್ನು ಕೂದಲು ಉಳಿಯದ ಹಾಗೆ, ಚರ್ಮ ಸೀಯದ ಹಾಗೆ ಸುಟ್ಟು, ಕೆರೆದು, ಗೊರಸು ಕಿತ್ತು ಕೊಡುವ ಕೆಲಸ ಕೈಬಲ್ಲವರದು. ಹಿಂದಿನ ದಿನವೇ ಹೇಳಿಟ್ಟರೆ ಸಿಗುತ್ತೆ. ಭಾನುವಾರ ಹತ್ತು ಗಂಟೆಗೆ ಹೋಗಿ ಕಾಲು ಕೇಳಿದರೆ ನಗುತ್ತಾರೆ. ಬೆಳಿಗ್ಗೆ ತಂದು ಸಣ್ಣ ಉರಿಯಲ್ಲಿ ಮಧ್ಯಾಹ್ನದವರೆಗೆ ಬಿಟ್ಟರೆ ಅಂಟು ಇಳಿಯುತ್ತೆ, ವಿಷಲ್ ಲೆಕ್ಕ ಅದಕ್ಕೆ ಬೇಡ.

ಚಿಕ್ಕಪ್ಪನ ಮಗನಿಗೆ ಎರಡು ಕುರಿ, ಎರಡು ಹಲ್ಲಿನವು, ಭಾಯ್ ಜೊತೆಗೆ ಸಂತೆ. ಅವನು ಮೊದಲು ಹೈವೇ ಬದಿಯಲ್ಲಿ ಇಪ್ಪತ್ತು ಕೆಜಿ ಮಾತಾಡಿ ಬಂದಿದ್ದ, ಕೆಜಿಗೆ ಅರವತ್ತು ಕಮ್ಮಿ ಅಂತ. ಮಾವನವರ ಹಲ್ಲು ನೆನಪಿಸಿದೆ.

ಕೈ ಬಿಗಿ ಇರುವ ಮನೆಯವರಿಗೆ ಇನ್ನೊಂದು ಮಾತು. ಕೆಜಿ ಮಟನ್ ಬದಲು ಅರ್ಧ ಕೆಜಿ ಕುತ್ತಿಗೆ, ಅರ್ಧ ಕೆಜಿ ಬೋಟಿ ತನ್ನಿ. ಅಂಗಡಿಯಲ್ಲಿ ಇವು ಕಡೆಗೆ ಉಳಿಯುವಂಥವು, ಬೋಟಿಗೆ ದುಡ್ಡೂ ಕಮ್ಮಿ. ಅಂಗಡಿಯವರಿಗೂ ಇಡೀ ಕುರಿ ಖಾಲಿಯಾದರೆ ಮಾತ್ರ ಲಾಭ. ಎಲ್ಲರೂ ತೊಡೆಯನ್ನೇ ಕೇಳುವ ಅಂಗಡಿಯಲ್ಲಿ ರೇಟು ಏರದೆ ಇರೋದಿಲ್ಲ. ಹಾಗೇ, ಸಾಧ್ಯವಾದರೆ ಗಿರಾಕಿ ಕಮ್ಮಿ ಇರುವ ದಿನ ಹೋಗಿ. ಸೋಮವಾರ, ಶನಿವಾರ ಅರ್ಧ ಊರು ಬಾಡು ಮುಟ್ಟೋದಿಲ್ಲ, ಶ್ರಾವಣದಲ್ಲಂತೂ ಅಂಗಡಿಗಳು ಭಣಭಣ. ಅಂಥ ದಿನಗಳಲ್ಲಿ ಕೂತು ಪೊರೆ ಬಿಡಿಸಿ ಕೊಡಲು ಅವರಿಗೆ ಹೊತ್ತಿರುತ್ತೆ, ನಾವು ಹೋದರೆ ಅವರ ದಿನವೂ ನಡೆಯುತ್ತೆ. ಭಾಯ್ ಮಗ ಬಿಕಾಂ ಮುಗಿಸಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಕತ್ತಿ ಹಿಡಿಯಲು ಬೇರೊಬ್ಬ ಹುಡುಗನನ್ನು ಇಟ್ಟುಕೊಂಡಿದ್ದಾರೆ. ಅವನಿಗೆ ಸಂದು ಹುಡುಕೋದು ಇನ್ನೂ ಬಂದಿಲ್ಲ, ಮಚ್ಚಿಗೇ ಕೈ ಹೋಗುತ್ತೆ. ಭಾನುವಾರ ನಿಮ್ಮ ಸರದಿ ಅವನ ಮುಂದೆ ಬಂದರೆ ನಲ್ಲಿ ಮೂಳೆ ಮಾತ್ರ ಭಾಯ್ ಕೈಯಲ್ಲೇ ಹೊಡೆಸಿಕೊಳ್ಳಿ.

ಹೊಸತೊಡಕಿಗೆ ಚೀಟಿ ಕಟ್ಟದವರು ಯುಗಾದಿಗೆ ಮೂರು ದಿನ ಮುಂಚೆಯೇ ಹೋಗಿ ಎಷ್ಟು ಕೆಜಿ, ಯಾವ ಭಾಗ, ಯಾವ ಅಡುಗೆ ಅಂತ ಬರೆಸಿಬನ್ನಿ. ಆವತ್ತು ಕ್ಯೂ ಬೆಳಗಿನ ಜಾವ ನಾಲ್ಕೂವರೆಗೆ ಶುರುವಾಗುತ್ತೆ. ಬರೆಸಿದವರು ಆರಕ್ಕೆ ಡಬ್ಬಿ ತಗೊಂಡು ಪಕ್ಕದ ಬಾಗಿಲಿಗೆ ಹೋದರೆ ಸಾಕು.